ದಂಡ ಹೊಡೆದ ತೋಳು

ಹಳಿಯಾಳದ ಗರಡಿಯ ಕೆಂಪು ಮಣ್ಣಿನಲ್ಲಿ 8 ವರ್ಷ ಹೊರಳಾಡಿದರೂ ನನ್ನ ಒಂದು ಬೆರಳೂ ಉಳುಕಿರಲಿಲ್ಲ. ಜೋಯಿಡಾದ ಅಜ್ಜಿ ಮನೆಯಲ್ಲಿ ಮುರುಗಲು ಕೊಯ್ಯಲು ಮರ ಹತ್ತಿದೆ, ಕೊಂಬೆ ಮುರಿದು ಬಿದ್ದೆ. ಆಗ ನನಗೆ 19. ಗಾಬರಿಯಲ್ಲಿ ನಾಲ್ವರು ಕೈಕಾಲು ಹಿಡಿದೆತ್ತಿ, ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿದರು. ನನ್ನ ಮೇಲಿನ ಜೀವದಿಂದಲೇ ಮಾಡಿದ್ದು. ಮುರಿದ ಬೆನ್ನನ್ನು ಮಡಚಿದರೆ ಒಳಗಿನ ಹುರಿ ಇನ್ನಷ್ಟು ಜಜ್ಜಿಹೋಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಬೆನ್ನುಹುರಿ ಮಿದುಳಿನಿಂದ ಇಳಿಯುವ ನರಗಳ ಕಟ್ಟು. ಅದು ಪೂರ್ತಿ ಕೆಟ್ಟ ಕಡೆಯಿಂದ ಕೆಳಗೆ ಮಿದುಳಿನ ಮಾತು ಇಳಿಯುವುದಿಲ್ಲ, ಕೆಳಗಿನ ನೋವು ಮೇಲೆ ಬರುವುದಿಲ್ಲ. ನಡೆಯಲಾಗದ್ದು ಎಲ್ಲರಿಗೂ ಕಾಣುತ್ತದೆ. ನೋವಾಗದಿರುವುದು ಎಂಥ ಅಪಾಯವೆಂದು ನನಗೆ ತಿಳಿದದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಹಾಸಿಗೆಯ ಒಂದು ಮಡಿಕೆ ರಾತ್ರಿಯಿಡೀ ಸೊಂಟದ ಕೆಳಗೆ ಒತ್ತಿತ್ತು. ಬೆಳಿಗ್ಗೆ ಅವ್ವ ನೋಡಿದರೆ ರೂಪಾಯಿ ನಾಣ್ಯದಷ್ಟು ಕೆಂಪು ಕಲೆ. ಅದು ಹುಣ್ಣಾಗಿ ಮಾಯಲು 4 ತಿಂಗಳು ಹಿಡಿಯಿತು. ಆಮೇಲೆ ಅವ್ವ 2 ತಾಸಿಗೊಮ್ಮೆ ಎದ್ದು ನನ್ನ ಮಗ್ಗುಲು ಬದಲಿಸಿದಳು. ಈಗ ಕೈಗನ್ನಡಿ ಹಿಡಿದು ನಾನೇ ಚರ್ಮ ನೋಡಿಕೊಳ್ಳುತ್ತೇನೆ. ಕೆಲವು ತಾಸಿಗೊಮ್ಮೆ ನಾನೇ ನಳಿಕೆ ಹಾಕಿ ಮೂತ್ರ ತೆಗೆಯುತ್ತೇನೆ. ಇದನ್ನು ಬರೆಯಲು ಸಂಕೋಚವಿಲ್ಲ. ಮೂತ್ರ ಒಳಗೇ ನಿಂತರೆ ಕಿಡ್ನಿ ಕೆಡುತ್ತದೆ.

ನೋಡಲು ಬಂದ ಗರಡಿಯ ವಸ್ತಾದರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ತೋಳು ಹಿಡಿದು, "ಇವು ಅದಾವಲ್ಲೋ ತಮ್ಮಾ" ಅಂದರು. ವೀಲ್‌ಚೇರಿನಲ್ಲಿ ಕೂತವರು ಅರ್ಧ ತಾಸಿಗೊಮ್ಮೆಯಾದರೂ ಕೈಯೂರಿ ಮೈ ಎತ್ತಬೇಕು, ಇಲ್ಲದಿದ್ದರೆ ಕೂತಲ್ಲೇ ಹುಣ್ಣು. ದಂಡ ಹೊಡೆದ ತೋಳಿಗೆ ಅದು ಕಷ್ಟವಾಗಲಿಲ್ಲ. ಗರಡಿಯಲ್ಲಿ ಎಣಿಸಿದಂತೆಯೇ ಎಣಿಸುತ್ತೇನೆ.

ಇಂಥ ತೋಳಿಗೆ ಆಟವೂ ಉಂಟು. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗಟ್‌ಮನ್ ಗಾಯಗೊಂಡ 16 ಸೈನಿಕರಿಂದ ಬಿಲ್ಲುಗಾರಿಕೆ ಆಡಿಸಿದರು. ಅಂಗವಿಕಲರ ಕ್ರೀಡಾಕೂಟವಾದ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. 1965ರ ಯುದ್ಧದಲ್ಲಿ ಗುಂಡು ತಿಂದ ಸಾಂಗಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಈಜಿ ಚಿನ್ನ ತಂದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಕುಸ್ತಿ ಇಲ್ಲ ಎಂದು ತಿಳಿದ ದಿನ ನಾನು ಊಟ ಬಿಟ್ಟಿದ್ದೆ. ಪವರ್‌ಲಿಫ್ಟಿಂಗ್ ಇದೆ: ಬೆಂಚಿನ ಮೇಲೆ ಮಲಗಿ, ಭಾರವನ್ನು ಎದೆಗಿಳಿಸಿ, ಅಲುಗದಂತೆ ನಿಲ್ಲಿಸಿ, ಮತ್ತೆ ಎತ್ತಬೇಕು. ಈಗ ದಿನಾ ಅದೇ ಅಭ್ಯಾಸ.

ನನ್ನ ವೀಲ್‌ಚೇರ್ ಹತ್ತಲೆಂದು ಗರಡಿಯ ಮೆಟ್ಟಿಲಿಗೆ ಹುಡುಗರು ಹಲಗೆ ಹಾಕಿದ್ದಾರೆ. ಶನಿವಾರ ಅದೇ ಹಲಗೆ ತೆಗೆದು, ಅವರಲ್ಲೊಬ್ಬನನ್ನು ಮಲಗಿಸಿ, ಬಿದ್ದವರನ್ನು ಎತ್ತುವುದು ಕಲಿಸುತ್ತೇನೆ. ತಲೆ, ಕುತ್ತಿಗೆ, ಬೆನ್ನು ಒಂದೇ ನೇರ. ತಲೆ ಹಿಡಿದವನು ಎಣಿಸಬೇಕು. ಮೂರು ಅಂದಾಗ ಎಲ್ಲರೂ ಒಟ್ಟಿಗೆ.