ಕಂಪೆನಿ ಹೇಳುವುದು ಒಂದು, ಅದರ ಸಂಘ ಹೇಳುವುದು ಇನ್ನೊಂದು: ಲೆಕ್ಕ ಕೇಳುವವರು ಯಾರು?

ಪೇಟೆಯಲ್ಲಿ ಅಂಗಡಿ ಇಟ್ಟವರು ವ್ಯಾಪಾರಿ ಸಂಘಕ್ಕೆ ವರ್ಷಾ ವರ್ಷಾ ಚಂದಾ ಕೊಡ್ತಾರೆ. ಸಂಘದವರು ಪಂಚಾಯತಿಗೆ ಹೋಗಿ ‘ಪ್ಲಾಸ್ಟಿಕ್ ಚೀಲದ ನಿಷೇಧ ಬೇಡ’ ಎಂದು ಮನವಿ ಕೊಟ್ಟರೆ ಅದು ಚಂದಾ ಕೊಟ್ಟ ಎಲ್ಲರ ಹೆಸರಲ್ಲೂ ಹೋಗುತ್ತದೆ. ಅಂಗಡಿ ಮುಂದೆ ‘ಪ್ಲಾಸ್ಟಿಕ್ ಮುಕ್ತ’ ಎಂದು ಬೋರ್ಡ್ ಹಾಕಿದವನ ಹೆಸರೂ ಅದರಲ್ಲಿ ಸೇರುತ್ತದೆ.

ದೊಡ್ಡ ಕಂಪೆನಿಗಳ ಕತೆಯೂ ಇದೇ. ಕಂಪೆನಿ ತನ್ನ ವರದಿಯಲ್ಲಿ ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಬೆಂಬಲ ಎನ್ನುತ್ತದೆ. ಅದೇ ಕಂಪೆನಿಯ ಚಂದಾದಿಂದ ನಡೆಯುವ ಉದ್ಯಮ ಸಂಘ ಸರ್ಕಾರದ ಬಾಗಿಲಿಗೆ ಹೋಗಿ ಮಾಲಿನ್ಯದ ಕಾನೂನು ಸಡಿಲ ಮಾಡಿ ಎನ್ನುತ್ತದೆ. ಹೀಗೆ ಕಾನೂನು ಮಾಡುವವರ ಮೇಲೆ ಪ್ರಭಾವ ಬೀರುವುದಕ್ಕೇ ಲಾಬಿ ಎನ್ನುವುದು.

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಶೇರುದಾರರೂ ಇದ್ದಾರೆ. ಅವರ ಒತ್ತಡದ ನಂತರ ಗಣಿ ಕಂಪೆನಿ ಬಿಎಚ್‌ಪಿ 2018ರಲ್ಲಿ ವಿಶ್ವ ಕಲ್ಲಿದ್ದಲು ಸಂಘದಿಂದ ಹೊರಬಂತು. 2019ರಲ್ಲಿ ಶೆಲ್ ತಾನು ಸದಸ್ಯನಾಗಿದ್ದ 19 ಸಂಘಗಳ ನಿಲುವನ್ನು ಪರಿಶೀಲಿಸಿ, ಅಮೆರಿಕದ ತೈಲ ಶುದ್ಧೀಕರಣ ಉದ್ಯಮದ ಒಂದು ಸಂಘದ ಸದಸ್ಯತ್ವ ಬಿಡುವುದಾಗಿ ಹೇಳಿತು. ಆ ಸಂಘ ಪ್ಯಾರಿಸ್ ಒಪ್ಪಂದಕ್ಕೆ ಬೆಂಬಲ ಹೇಳಿರಲಿಲ್ಲ. 2020ರಲ್ಲಿ ಶೆವ್ರಾನ್ ಕಂಪೆನಿಯ ಸಭೆಯಲ್ಲಿ ಲಾಬಿಯ ವರದಿ ಕೊಡಬೇಕೆಂಬ ನಿರ್ಣಯಕ್ಕೆ ಶೇ. 53 ಮತ ಬಿತ್ತು. ಅದನ್ನು ಪಾಲಿಸಲೇಬೇಕೆಂಬ ಕಡ್ಡಾಯ ಇರಲಿಲ್ಲ. ಆದರೂ ಅರ್ಧಕ್ಕಿಂತ ಹೆಚ್ಚು ಮತ ಹೀಗೆ ಬಿದ್ದರೆ ಆಡಳಿತ ಮಂಡಳಿ ಕಿವಿ ಮುಚ್ಚಿ ಕೂರುವುದು ಕಷ್ಟ.

ಮಂಡಳಿ ಮಾಡಬೇಕಾದ್ದು ಮೂರೇ ಕೆಲಸ. ಯಾವ ಯಾವ ಸಂಘಕ್ಕೆ ಚಂದಾ ಹೋಗುತ್ತದೆ ಎಂದು ಪಟ್ಟಿ ಮಾಡುವುದು, ಅವುಗಳ ನಿಲುವನ್ನು ಕಂಪೆನಿಯ ನಿಲುವಿನ ಜೊತೆ ಇಟ್ಟು ನೋಡುವುದು, ಹೊಂದದಿದ್ದರೆ ಒಳಗಿದ್ದು ತಿದ್ದುವುದು. ತಿದ್ದಲಾಗದಿದ್ದರೆ ಹೊರಬರುವುದು. ಏನು ಮಾಡಿದರೂ ಅದನ್ನು ಬಹಿರಂಗವಾಗಿ ಹೇಳಬೇಕು.

ಭಾರತದಲ್ಲೂ ಇದಕ್ಕೆ ಒಂದು ಕಿಟಕಿ ಇದೆ. ಸೆಬಿ ನಿಯಮದಂತೆ 2022-23ರಿಂದ ದೊಡ್ಡ 1000 ಲಿಸ್ಟೆಡ್ ಕಂಪೆನಿಗಳು ಬಿಆರ್‌ಎಸ್‌ಆರ್ ಎಂಬ ವರದಿ ಕೊಡಬೇಕು. ಅದರ ಏಳನೇ ತತ್ವದಲ್ಲಿ ಕಂಪೆನಿ ಸೇರಿರುವ ಪ್ರಮುಖ 10 ಉದ್ಯಮ ಸಂಘಗಳ ಹೆಸರು ಇರುತ್ತದೆ. ಸರ್ಕಾರದ ನೀತಿಯ ಬಗ್ಗೆ ಏನೇನು ವಾದ ಮಂಡಿಸಿದೆ ಎನ್ನುವುದನ್ನು ಹೇಳುವುದು ಮಾತ್ರ ಕಂಪೆನಿಯ ಇಷ್ಟಕ್ಕೆ ಬಿಟ್ಟದ್ದು. ನಿಜವಾದ ಕೊರತೆ ಇರುವುದೂ ಅಲ್ಲೇ.

ಇವತ್ತು ಮೊಬೈಲ್‌ನಲ್ಲೇ ಶೇರು ಕೊಳ್ಳುವ ಯುವಕರು ನಮ್ಮ ಜಮಾಅತ್‌ಗಳಲ್ಲೂ ಇದ್ದಾರೆ. ವ್ಯವಹಾರ ಹಲಾಲಾ ಎಂದು ಕೇಳಿ ಹಣ ಹಾಕುವವರು, ಆ ಹಣ ಯಾರ ಬಾಯಲ್ಲಿ ಏನು ಮಾತಾಡುತ್ತದೆ ಎಂದೂ ಒಮ್ಮೆ ಆ ಪುಟ ತೆರೆದು ನೋಡಬಹುದು. ಇನ್ನೊಬ್ಬರ ಹಣ ಕಂಪೆನಿಯ ಕೈಯಲ್ಲಿರುವ ಅಮಾನತ್. ಅಮಾನತ್‌ಗೆ ಲೆಕ್ಕ ಕೊಡಲೇಬೇಕು.