ಒಂದು ಗ್ರಾಮಿನಲ್ಲಿ ಐದು ಕೋಟಿ

ಶ್ರಾವಣದ ಮಳೆ ತುಸು ಬಿಡುವು ಕೊಟ್ಟಿದೆ. ಯಾದಗಿರಿ ಜಿಲ್ಲೆಯ ಹತ್ತಿಕುಣಿ ಜಲಾಶಯದ ಕಟ್ಟೆಯ ಮೇಲೆ ನಿಂತರೆ ಒಂದು ಮಗ್ಗುಲಲ್ಲಿ ಗುಡ್ಡಗಳ ನಡುವೆ ಹರವಿಕೊಂಡ ನೀರು, ಇನ್ನೊಂದು ಮಗ್ಗುಲಲ್ಲಿ ಹೊಲ. ತೊಗರಿ ಮೊಣಕಾಲು ದಾಟಿದೆ. ಪಕ್ಕದ ಹೊಲದಲ್ಲಿ ಹೆಂಗಸರು ಉಡಿ ಕಟ್ಟಿಕೊಂಡು ಹೆಸರುಕಾಯಿ ಬಿಡಿಸುತ್ತಿದ್ದಾರೆ. ಬದುವಿನ ಬೇವಿನ ಕೆಳಗೆ ಸಿಇಟಿ ಬರೆದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಕಾಲೇಜುಗಳ ಪಟ್ಟಿ ಮೇಲೆ ಕೆಳಗೆ ಸರಿಸುತ್ತಿದ್ದಾಳೆ. ಎಡೆ ಹೊಡೆದು ದಣಿದ ಮುತ್ಯಾ ನೀರು ಕುಡಿಯಲು ಬಂದು ಕೂತ.

‘ಯವ್ವಾ, ಅದೇನೋ ಬಯೋಟೆಕ್ ಅಂತಿ. ಅದರಾಗ ಏನ್ ಕಲಸ್ತಾರ?’

‘ಕಣ್ಣಿಗಿ ಕಾಣದ ಜೀವಗಳ ಕಡಿಂದ ಔಷಧ, ಗೊಬ್ಬರ ಮಾಡಸೋದು, ಮುತ್ಯಾ.’

‘ಅದಕ್ಕ ಬೆಂಗಳೂರಿಗ್ಯಾಕ ಹೋಗಬೇಕು? ಇಲ್ಲೇ ಅದ ನೋಡು’ ಎಂದವನೇ ಒತ್ತೊತ್ತಾಗಿ ಹುಟ್ಟಿದ್ದ ತೊಗರಿ ಗಿಡಗಳಲ್ಲಿ ಒಂದನ್ನು ಹಸಿ ಮಣ್ಣಿನಿಂದ ಮೆಲ್ಲಗೆ ಎಬ್ಬಿಸಿದ.

ಬೇರಿಗೆ ಸಾಸಿವೆ ಗಾತ್ರದಿಂದ ಬಟಾಣಿ ಗಾತ್ರದವರೆಗಿನ ಗಂಟುಗಳು ಅಂಟಿವೆ. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆಲ್ಲ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ನೆಂಟನಾದ ಲೆಗ್‌ಹಿಮೋಗ್ಲೋಬಿನ್ ಕೊಟ್ಟ ಬಣ್ಣ ಅದು. ಒಳಗೆ ಬಿಡಾರ ಹೂಡಿದ ರೈಜೋಬಿಯಂ ಗಾಳಿಯ ಸಾರಜನಕವನ್ನು ಗಿಡದ ಆಹಾರವಾಗಿ ಮಾರ್ಪಡಿಸುತ್ತದೆ. ಆ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟಿತು; ಆದರೆ ರೈಜೋಬಿಯಂ ಉಸಿರಾಡಲು ಆಮ್ಲಜನಕವೇ ಬೇಕು. ಈ ಪೇಚನ್ನು ಬಿಡಿಸುವುದು ಆ ಕೆಂಪು: ಆಮ್ಲಜನಕವನ್ನು ಹಿಡಿದಿಟ್ಟು ಅಳೆದು ಅಳೆದು ಕೊಡುತ್ತದೆ.

ಇದೇ ರೈಜೋಬಿಯಂ ಪ್ಯಾಕೆಟ್ಟಿನಲ್ಲೂ ಬರುತ್ತದೆ. ಬಿತ್ತುವ ಮುಂಚೆ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ ನೆರಳಲ್ಲಿ ಆರಿಸುತ್ತಾರೆ. ಪುಡಿಯ ಒಂದೊಂದು ಗ್ರಾಮಿನಲ್ಲೂ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕು ಎನ್ನುತ್ತದೆ ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶ. ಆ ಹುಡುಗಿ ನಾಲ್ಕು ವರ್ಷ ಓದಬೇಕಾದದ್ದರ ಬಹುಪಾಲು ಈ ಒಂದು ಸಾಲಿನಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಯಾಕೆಂದರೆ ಫ್ಲಾಸ್ಕಿನಲ್ಲಿ ಬೆಳೆಸುವುದು ಬೇರೆ, 10,000 ಲೀಟರಿನ ಟ್ಯಾಂಕಿನಲ್ಲಿ ಬೆಳೆಸುವುದೇ ಬೇರೆ. ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕ 8 ಮಿಲಿಗ್ರಾಂ ಆಸುಪಾಸು, ಅಷ್ಟೇ. ಬೆಳೆಯುವ ಸೂಕ್ಷ್ಮಜೀವಿಗಳು ಅದನ್ನು ನೋಡನೋಡುತ್ತ ಮುಗಿಸುತ್ತವೆ. ಕೆಳಗಿನಿಂದ ಗಾಳಿ ಊದುತ್ತ, ಕಡೆಯುತ್ತ ಇರಬೇಕು. ಫ್ಲಾಸ್ಕಿನಿಂದ ತಾನಾಗಿ ಹೊರಟುಹೋಗುತ್ತಿದ್ದ ಕಾವು ದೊಡ್ಡ ಟ್ಯಾಂಕಿನ ಹೊಟ್ಟೆಯಲ್ಲೇ ಕೂತುಬಿಡುತ್ತದೆ. ಎಷ್ಟು ಸಕ್ಕರೆ ಒಳಗೆ ಹೋಯಿತು, ಎಷ್ಟು ಕೋಶವಾಯಿತು, ಎಷ್ಟು ಬಿಸಿಯಾಗಿ ಹೋಯಿತು? ಲೆಕ್ಕ ಕೂಡಬೇಕು. ಆಮೇಲೆ ಅವನ್ನು ಬೇರ್ಪಡಿಸಿ, ಪುಡಿಗೆ ಬೆರೆಸಿ, ಯಾದಗಿರಿಯ ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಗೋದಾಮಿನೊಳಗೂ ಸಾಯದಂತೆ ಕಾಯಬೇಕು. ಜೀವರಸಾಯನ ಓದಿದವರಿಗೆ ಕೋಶ ಗೊತ್ತು, ಕೆಮಿಕಲ್ ಇಂಜಿನಿಯರಿಗೆ ಟ್ಯಾಂಕು ಗೊತ್ತು. ಎರಡೂ ಗೊತ್ತಿರುವವರನ್ನು ತಯಾರು ಮಾಡಲೆಂದೇ ಹುಟ್ಟಿದ ಪದವಿ ಇದು.

ಕಾಲೇಜಿನ ಗೋಡೆಗೆ ತೂಗುಹಾಕಿದ ಫಲಕದಲ್ಲಿ ಇದು ಇಷ್ಟು ಸಲೀಸಾಗಿ ಕಾಣುವುದಿಲ್ಲ. ತಾಂತ್ರಿಕ ಪದವಿಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಬಹುಕಾಲ ಬಳಸಿದ ಪಟ್ಟಿಯಲ್ಲಿ ಪದವೀಧರರಿಗೆ 12 ಗುಣ: ಸಮಸ್ಯೆ ಬಿಡಿಸುವುದು, ವಿನ್ಯಾಸ, ಪರಿಸರ, ನೀತಿ, ತಂಡದ ಕೆಲಸ, ಕೊನೆಗೆ ಬದುಕಿಡೀ ಕಲಿಕೆ. ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಕಾಯಂ ಸದಸ್ಯನಾದ ಮೇಲಂತೂ ಈ ಪಟ್ಟಿಗೆ ಎಲ್ಲಿಲ್ಲದ ಮರ್ಯಾದೆ. ಗುಣಗಳೇನೋ ಒಳ್ಳೆಯವೇ. ಪ್ರತಿ ಪ್ರಶ್ನೆಪತ್ರಿಕೆಗೂ ಅವುಗಳ ಗುರುತು ಹಾಕಿ ಕೋಷ್ಟಕ ತುಂಬುವ ಮೇಷ್ಟ್ರುಗಳಿಗೆ ಪಾಠ ಮಾಡಲು ಎಷ್ಟು ಹೊತ್ತು ಉಳಿಯುತ್ತದೋ, ಅವರನ್ನೇ ಕೇಳಬೇಕು!

ಪರಿಸರ ಎಂಬ ಗುಣಕ್ಕೆ ಮಾತ್ರ ಈ ಜಿಲ್ಲೆಯಲ್ಲಿ ಬೇರೆಯೇ ತೂಕವಿದೆ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ರಾಸಾಯನಿಕ, ಔಷಧ ಕಾರ್ಖಾನೆಗಳ ದುರ್ನಾತದ ಬಗ್ಗೆ ಸುತ್ತಲಿನ ಹಳ್ಳಿಗಳವರು ದೂರುತ್ತಲೇ ಬಂದಿದ್ದಾರೆ. ಕಾರ್ಖಾನೆಯ ಕೊಳಕು ನೀರನ್ನು ಸೂಕ್ಷ್ಮಜೀವಿಗಳಿಗೆ ಉಣಿಸಿ ತಿಳಿಯಾಗಿಸುವುದೂ ಇದೇ ಪದವಿಯ ಪಾಠ. ಔಷಧ ತೆಗೆಯುವ ಅಧ್ಯಾಯಕ್ಕೆ ಸಿಗುವ ಆದರ ಈ ಅಧ್ಯಾಯಕ್ಕೆ ಸಿಕ್ಕಿದ್ದು ನಾನು ಕಾಣೆ.

ಹುಡುಗಿಯ ಪಟ್ಟಿಯಲ್ಲಿ ಬಾಗಲಕೋಟೆಯ ಬಸವೇಶ್ವರ, ಹುಬ್ಬಳ್ಳಿಯ ಕೆಎಲ್‌ಇ, ತುಮಕೂರಿನ ಸಿದ್ಧಗಂಗಾ, ಬೆಂಗಳೂರಿನ ಆರ್‌.ವಿ. ಇವೆ. 371(ಜೆ) ಪ್ರಮಾಣಪತ್ರ ಕೈಲಿದೆ. ಕಲ್ಯಾಣ ಕರ್ನಾಟಕದ ಆಚೆಗೂ ಅವಳಂಥವರಿಗೆ ಶೇ 8ರ ಪಾಲುಂಟು.

‘ಕಲಿತ ಮ್ಯಾಲ ನೌಕರಿ ಎಲ್ಲಿ?’ ಮುತ್ಯಾ ಬಿಡಲಿಲ್ಲ.

ಅವಳು ಬಯೋಕಾನ್ ಹೆಸರು ಹೇಳಿದಳು. 1978ರಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಪಪ್ಪಾಯಿಯ ಕಿಣ್ವ ತೆಗೆಯುತ್ತ ಶುರುವಾದ ಕಂಪನಿ. ಅವಳು ಹೇಳಲಿಲ್ಲ, ಆದರೆ ಈ ಪದವಿ ಮುಗಿಸಿ ಸಾಫ್ಟ್‌ವೇರಿಗೆ ಹಾರಿದವರೂ ಬೇಕಾದಷ್ಟು ಮಂದಿ.

‘ಬೆಂಗಳೂರೇ ಆತಲ್ಲ ಮತ್ತ. ಇಲ್ಲಿ ಪಾಕೀಟು ಮಾಡೋರು ಯಾರು?’

‘ಮೊದಲು ಸೀಟ್ ಸಿಗಲಿ ತಡಿ ಮುತ್ಯಾ’ ಎಂದು ಅವಳು ಬಾಗಲಕೋಟೆಯನ್ನು ಒಂದು ಮೆಟ್ಟಿಲು ಮೇಲೇರಿಸಿದಳು.