ಬಿಳಿಬಾಲದ ಜಿಂಕೆಯ ಬೆದೆಗಾಲ

ಉತ್ತರ ಅಮೆರಿಕದ ರೈತರ ಮೆಕ್ಕೆಜೋಳ, ಸೋಯಾ ಅವರೆ ಮುಂತಾದ ಪೈರುಗಳಿಗೆ ಬಿಳಿಬಾಲದ ಜಿಂಕೆಯಿಂದ ಉಂಟಾಗುವ ನಷ್ಟವು ಅಲ್ಪವಲ್ಲ. ಮಿತಿಯಿಲ್ಲದ ಬೇಟೆಯಿಂದ 1900ರ ಸುಮಾರಿಗೆ ಕೆಲವು ಲಕ್ಷಗಳಿಗೆ ಇಳಿದಿದ್ದ ಇವುಗಳ ಸಂಖ್ಯೆಯು ಈಗ ಕೋಟಿಗಳನ್ನು ಮುಟ್ಟಿರುತ್ತದೆ. ಆದಕಾರಣ ಅಲ್ಲಿನ ಸಂಸ್ಥಾನಗಳು ವರ್ಷಂಪ್ರತಿ ನಿಯಮಿತ ದಿನಗಳಲ್ಲಿ ಬೇಟೆಗೆ ಪರವಾನಗಿಯನ್ನು ಕೊಡುತ್ತವೆ. ಬೇಟೆಗಾರನಿಗೂ ಭೂಮಾಲೀಕನಿಗೂ ಜಿಂಕೆಯ ಬೆದೆಗಾಲವನ್ನು ಅರಿಯುವುದು ಆವಶ್ಯಕವಾಗಿದೆ.

ಚಳಿ ಬಿದ್ದೊಡನೆ ಬೆದೆಯುಂಟಾಗುವುದೆಂದು ಕೆಲವರೂ, ಹುಣ್ಣಿಮೆಯನ್ನು ಅನುಸರಿಸಿ ಬರುವುದೆಂದು ಕೆಲವರೂ ನಂಬುವುದುಂಟು. ಪರೀಕ್ಷೆಗಳಿಂದ ಇವೆರಡೂ ನಿಜವಲ್ಲವೆಂದು ಕಂಡುಬಂದಿದೆ. ವಾಹನಗಳಿಗೆ ಸಿಕ್ಕಿ ಸತ್ತ ಹೆಣ್ಣು ಜಿಂಕೆಗಳ ಗರ್ಭದಲ್ಲಿನ ಮರಿಯನ್ನು ಅಳೆದು, ಹಿಂದಕ್ಕೆ ದಿನಗಳನ್ನು ಎಣಿಸಿದರೆ ಗರ್ಭಕಟ್ಟಿದ ಕಾಲವು ತಿಳಿಯುತ್ತದೆ. ಉತ್ತರದ ಸಂಸ್ಥಾನಗಳಲ್ಲಿ ಇದು ಪ್ರತಿ ವರ್ಷವೂ ನವೆಂಬರ್ ತಿಂಗಳ ಮಧ್ಯಭಾಗಕ್ಕೇ ಬರುತ್ತದೆ. ಇದಕ್ಕೆ ಕಾರಣವು ಹಗಲು ಕುಗ್ಗುವುದೇ ಹೊರತು ಬೇರೆಯಲ್ಲ. ಗರ್ಭಧಾರಣೆಯ ಅವಧಿಯು ಸುಮಾರು 200 ದಿನಗಳಾದುದರಿಂದ, ಮರಿಗಳು ಮೇ ಕೊನೆಯಲ್ಲಿಯೂ ಜೂನ್ ಮೊದಲಿನಲ್ಲಿಯೂ, ಎಳೆಯ ಮೇವು ಸಮೃದ್ಧವಾಗಿರುವಾಗ ಹುಟ್ಟುತ್ತವೆ. ದಕ್ಷಿಣದಲ್ಲಿ ಚಳಿಯು ಕಡಿಮೆಯಾದುದರಿಂದ ಈ ನಿರ್ಬಂಧವು ಸಡಿಲವಾಗಿ, ಅಲಬಾಮಾದ ಹಲವೆಡೆ ಬೆದೆಯು ಜನವರಿಯವರೆಗೂ ತಡವಾಗುತ್ತದೆ.

ಅಕ್ಟೋಬರ್ ಕೊನೆಯಲ್ಲಿ ಗಂಡುಗಳು ಗಿಡಗಳಿಗೆ ಕೊಂಬನ್ನು ಉಜ್ಜಿ, ನೆಲವನ್ನು ಕೆರೆದು ಗುರುತು ಮಾಡುತ್ತವೆ. ಹೆಣ್ಣು ಬೆದೆಯಲ್ಲಿರುವುದು ಒಂದೆರಡು ದಿನ ಮಾತ್ರ. ಆಗ ಗರ್ಭಕಟ್ಟದಿದ್ದರೆ ಸುಮಾರು 28 ದಿನಗಳ ಮೇಲೆ ಪುನಃ ಬೆದೆಗೆ ಬರುತ್ತದೆ. ಗಂಡುಗಳು ಮೇವನ್ನು ಮರೆತು ಹಗಲಲ್ಲಿಯೂ ತಿರುಗುವುದರಿಂದ ಬೇಟೆಗೆ ಸುಲಭವಾಗಿ ಸಿಕ್ಕುತ್ತವೆ; ದಾರಿಗಳಲ್ಲಿ ವಾಹನಗಳಿಗೆ ಡಿಕ್ಕಿ ಹೊಡೆಯುವುದೂ ಆಗಲೇ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆಯಿದೆ. ಕೊಂಬಿನ ಆಸೆಯಿಂದ ಗಂಡುಗಳನ್ನೇ ಹೊಡೆದರೆ ಹಿಂಡು ಕಡಿಮೆಯಾಗುವುದಿಲ್ಲ. ಉಳಿದ ಕೆಲವು ಗಂಡುಗಳೇ ಎಲ್ಲ ಹೆಣ್ಣುಗಳಿಗೂ ಸಾಕಾಗುತ್ತವೆ. ಹೆಣ್ಣುಗಳು ತೀರ ಹೆಚ್ಚಾದಲ್ಲಿ ಕೆಲವು ತಡವಾಗಿ ಗರ್ಭಧರಿಸಿ, ಅವುಗಳ ಮರಿಗಳು ಚಳಿಗಾಲಕ್ಕೆ ಮೊದಲು ಸಾಕಷ್ಟು ಬೆಳೆಯಲಾರವು. ಪೈರನ್ನು ಕಾಯಬೇಕೆಂಬ ಭೂಮಾಲೀಕನು ಹೆಣ್ಣುಗಳ ಬೇಟೆಗೂ ಪರವಾನಗಿಯುಳ್ಳವರಿಗೆ ಎಡೆಕೊಡುವುದು ಮೇಲು.

ನಮ್ಮ ನಾಡಿನ ಚುಕ್ಕೆಜಿಂಕೆಗೆ ಈ ಲೆಕ್ಕವು ಹೊಂದುವುದಿಲ್ಲ. ಇಲ್ಲಿ ಹಗಲಿನ ಏರಿಳಿತವು ಅಲ್ಪ. ಕೊಂಬುಬಲಿತ ಗಂಡುಗಳೂ ಎಳೆಯ ಮರಿಗಳೂ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಕಾಣುವುದುಂಟು. ಆದುದರಿಂದ ಯಾವ ತಿಂಗಳಲ್ಲಿ ಕೊಂದರೂ ಬಸುರಿಯಾದುದನ್ನೋ ಹಾಲೂಡುವುದನ್ನೋ ಕೊಂದಂತಾಗಬಹುದು. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಂಕೆಯ ಬೇಟೆಯು ದಂಡನಾರ್ಹವಾದ ಅಪರಾಧ. ಪೈರಿಗೆ ಹಾನಿಯಾದಲ್ಲಿ ಗ್ರಾಮದ ಮುಖಂಡರು ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರವನ್ನು ಕೇಳತಕ್ಕದ್ದು; ಹೊಲಕ್ಕೆ ಭದ್ರವಾದ ಬೇಲಿಯನ್ನು ಬಿತ್ತನೆಗೆ ಮುಂಚೆಯೇ ಹಾಕಿಸತಕ್ಕದ್ದು.